ವಿಕಾನ ಸೂಜಿಯೂ ಕುಲುಮೆಯ ಗುಟ್ಟೂ

ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿರುವ ಸಿಮೆಂಟ್ ಕಾರ್ಖಾನೆಯು ಫ್ರಾನ್ಸ್ ದೇಶದ ವಿಕಾ ಸಮೂಹಕ್ಕೆ ಸೇರಿದುದು. ಆ ಹೆಸರಿನ ಮೂಲಪುರುಷನಾದ ಲೂಯಿ ವಿಕಾ ಎಂಬ ಎಂಜಿನಿಯರನು 1817ರಲ್ಲಿ ಕೃತಕ ಸಿಮೆಂಟಿನ ತತ್ತ್ವವನ್ನು ಕಂಡುಹಿಡಿದನು. ಆದರೆ ಪೇಟೆಂಟನ್ನು ಪಡೆಯದೆ ತನ್ನ ಪ್ರಯೋಗಗಳನ್ನು ಲೋಕಕ್ಕೆ ಬಿಟ್ಟುಕೊಟ್ಟನು. ಸಿಮೆಂಟ್ ಗಟ್ಟಿಯಾಗಲು ಹಿಡಿಯುವ ಕಾಲವನ್ನು ವಾಡಿಯಲ್ಲಾಗಲಿ ಸೇಡಮಿನಲ್ಲಾಗಲಿ ಇಂದಿಗೂ ಅಳೆಯುವುದು ಅವನ ಹೆಸರಿನ ಸೂಜಿಯಿಂದಲೇ. ಅಳತೆ ಒಂದೇ ಆದುದರಿಂದ ಒಂದು ಕಾರ್ಖಾನೆಯ ಅಂಕಿಯನ್ನು ಮತ್ತೊಂದರ ಅಂಕಿಯೊಡನೆ ಹೋಲಿಸಬಹುದು.

ಹೋಲಿಸುವುದೇತಕ್ಕೆ? ಭೀಮಾ ಕೊಳ್ಳದ ಸುಣ್ಣದಕಲ್ಲನ್ನು ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ ಕ್ಲಿಂಕರ್ ಎಂಬ ಗಂಟುಗಂಟಾದ ವಸ್ತು ದೊರೆಯುತ್ತದೆ. ಒಂದು ಕಿಲೋಗ್ರಾಂ ಕ್ಲಿಂಕರಿನಲ್ಲಿ ಕೇವಲ 10 ಕಿಲೋಕ್ಯಾಲೊರಿ ಉಳಿದರೂ, 10 ಲಕ್ಷ ಟನ್ನು ತಯಾರಿಸುವ ಕುಲುಮೆಯಲ್ಲಿ ಸುಮಾರು 2000 ಟನ್ನು ಕಲ್ಲಿದ್ದಲು ಉಳಿಯುವುದು. ತಾನು ನೆರೆಯವರಿಗಿಂತ ಹಿಂದೆ ಬಿದ್ದಿರುವೆನೇ ಎಂದು ತಿಳಿಯದವನು ಉಳಿಸಲು ತೊಡಗುವುದು ವಿರಳ. ಆದರೆ ಕುಲುಮೆಯ ಲೆಕ್ಕ ಹೊರಬಿದ್ದರೆ ಪ್ರತಿಸ್ಪರ್ಧಿಗೆ ತನ್ನ ಖರ್ಚು ತಿಳಿದುಹೋಗುವುದೆಂಬ ಭಯ ಯಾರಿಗಿಲ್ಲ?

ಎಲ್ಲವನ್ನೂ ಹೇಳಿಕೊಳ್ಳುವುದೂ ತರವಲ್ಲ. 2012ರಲ್ಲಿ ಭಾರತದ ಸ್ಪರ್ಧಾ ಆಯೋಗವು, ತಮ್ಮ ಸಂಘದ ಮೂಲಕ ಬೆಲೆ ಮತ್ತು ಉತ್ಪಾದನೆಯ ಮಾಹಿತಿಯನ್ನು ಹಂಚಿಕೊಂಡು ಕೂಟ ಕಟ್ಟಿದರೆಂದು 11 ಸಿಮೆಂಟ್ ಕಂಪನಿಗಳಿಗೆ 6000 ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿತು. ಈ ಸೀಮೆಯಲ್ಲಿ ಕಾರ್ಖಾನೆಗಳನ್ನುಳ್ಳವರೂ ಅವರಲ್ಲಿದ್ದರು. ಆ ಆಜ್ಞೆ 2015ರಲ್ಲಿ ರದ್ದಾಯಿತು. 2016ರಲ್ಲಿ ಆಯೋಗವು ಮತ್ತೆ ದಂಡ ವಿಧಿಸಿತು. 2018ರಲ್ಲಿ ಮೇಲ್ಮನವಿ ಮಂಡಳಿಯು ಅದನ್ನು ಎತ್ತಿಹಿಡಿಯಲು, ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಅಂಕಿಗಳು ಕೂಟವಾದರೆ ತೆರುವವನು ಮನೆ ಕಟ್ಟುವವನು.

ಹಾಗಾದರೆ ಗುಟ್ಟನ್ನು ಬಿಡದೆ ಸರಾಸರಿಯನ್ನು ತಿಳಿಯಬಹುದೇ? ಗಣಿತವು ಅಹುದೆನ್ನುತ್ತದೆ. ಮೂರು ಕಾರ್ಖಾನೆಗಳ ಶಾಖವ್ಯಯ 720, 740, 700 ಎಂದಿಟ್ಟುಕೊಳ್ಳಿ. ಮೊದಲನೆಯದು 5000 ಎಂಬ ಗುಪ್ತಸಂಖ್ಯೆಯನ್ನು ಮನಸ್ಸಿನಲ್ಲಿಟ್ಟು, ಕೂಡಿಸಿ, 5720 ಎಂದು ಎರಡನೆಯದಕ್ಕೆ ತಿಳಿಸುತ್ತದೆ. ಎರಡನೆಯದು 6460 ಎಂದು ಮೂರನೆಯದಕ್ಕೆ, ಅದು 7160 ಎಂದು ಮೊದಲನೆಯದಕ್ಕೆ. 5000ವನ್ನು ಕಳೆದರೆ 2160; ಸರಾಸರಿ 720. ಒಬ್ಬರ ಅಂಕಿ ಮತ್ತೊಬ್ಬರಿಗೆ ತಿಳಿಯಲಿಲ್ಲ!

ಚತುರ ವಿದ್ಯಾರ್ಥಿಯು ಇಲ್ಲಿಯೇ ತಡೆದು ಕೇಳಬೇಕು: ಇಬ್ಬರು ಒಳಗೊಳಗೆ ಕೂಡಿದರೆ? ಮೂವರೇ ಇರುವಾಗ ಉಪಾಯವಿಲ್ಲ. ಮೊತ್ತದಿಂದ ಇಬ್ಬರದನ್ನು ಕಳೆದರೆ ಮೂರನೆಯದು ಬಯಲಾಗುತ್ತದೆ. ಭಾಗಿಗಳು ಹೆಚ್ಚಿದಾಗ ಪ್ರತಿಯೊಬ್ಬರೂ ತಮ್ಮ ಅಂಕಿಯನ್ನು ಮನಬಂದಂತೆ ಚೂರುಮಾಡಿ ಎಲ್ಲರಿಗೂ ಒಂದೊಂದನ್ನು ಹಂಚುವರು. ತಮಗೆ ಬಂದ ಚೂರುಗಳ ಮೊತ್ತವನ್ನಷ್ಟೇ ಸಾರುವರು. ಆಗ ಇಬ್ಬರ ಪಿತೂರಿಯಿಂದ ಏನೂ ದಕ್ಕದು. ಆದರೆ ಎಣಿಸಬೇಕಾದುದು ಚಿಮಣಿಗಳನ್ನಲ್ಲ, ಒಡೆಯರನ್ನು. 2025ರಲ್ಲಿ ಸೇಡಮಿನ ವಾಸವದತ್ತಾ ಕಾರ್ಖಾನೆಯು ಮಳಖೇಡದ ಕಾರ್ಖಾನೆಯ ಒಡೆಯರಾದ ಅಲ್ಟ್ರಾಟೆಕ್ಕಿಗೂ, ಚಿತ್ತಾಪುರದ ಓರಿಯಂಟ್ ಕಾರ್ಖಾನೆಯು ಅಂಬುಜಾ ಕಂಪನಿಗೂ ಸೇರಿದವು, ವಾಡಿಯ ಎ.ಸಿ.ಸಿ. ಕೂಡ ಅಂಬುಜಾದ ಬಳಗದ್ದೇ. ಗುಟ್ಟನ್ನು ಅಡಗಿಸುವ ಗುಂಪು ಇಷ್ಟರಮಟ್ಟಿಗೆ ಕಿರಿದಾಯಿತು.

ಮೊತ್ತವಲ್ಲದೆ ದಾಖಲೆಯೇ ಬೇಕಾದ ಸಂದರ್ಭಗಳೂ ಉಂಟು. ವಿದ್ಯುತ್ ಸ್ಥಾವರದ ಹಾರುಬೂದಿಯಲ್ಲಿ ಉರಿಯದ ಇಂಗಾಲವೆಷ್ಟೆಂಬುದನ್ನು ಸಿಮೆಂಟಿಗೆ ಬೆರೆಸುವವನು ತಿಳಿಯಲೇಬೇಕು. ಇಂತಹುದಕ್ಕಾಗಿ ಜರ್ಮನಿಯಲ್ಲಿ 2016ರಲ್ಲಿ ಒಂದು ಉದ್ಯಮಸಂಘವು ಸ್ಥಾಪಿತವಾಯಿತು. ಅದು ರೂಪಿಸಿದ ಏರ್ಪಾಡಿನಲ್ಲಿ ದತ್ತಾಂಶವು ಒಡೆಯನ ಗಣಕಯಂತ್ರದಲ್ಲಿಯೇ ಉಳಿಯುತ್ತದೆ. ಯಾರು, ಯಾವ ಕೆಲಸಕ್ಕೆ, ಎಷ್ಟು ಕಾಲ ಬಳಸಬಹುದೆಂಬ ಕರಾರು ಅಂಟಿಕೊಂಡೇ ಹೊರಡುತ್ತದೆ. ಅಲ್ಲಿಯ ಮೋಟಾರು ಉದ್ಯಮವು 2021ರಿಂದ ಇದೇ ಮಾದರಿಯನ್ನು ಅನುಸರಿಸಿದೆ.

ಇಷ್ಟಾದರೂ 740ನ್ನು 710 ಎಂದು ಬರೆದುಕೊಟ್ಟವನನ್ನು ಈ ಗಣಿತವು ಹಿಡಿಯಲಾರದು. ಇಂಧನ ಉಳಿತಾಯಕ್ಕಾಗಿ ಭಾರತ ಸರ್ಕಾರವು 2012ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಆ ಕೆಲಸವನ್ನು ಪರಿಶೋಧಕರಿಗೆ ಒಪ್ಪಿಸಲಾಯಿತು. ಅವರು ಕುಲುಮೆಯ ಬಳಿಗೇ ಹೋಗಿ ಕಲ್ಲಿದ್ದಲಿನ ತೂಕದ ಪುಸ್ತಕವನ್ನು ತೆರೆದು ನೋಡುತ್ತಾರೆ.