ಹಡಗಿನ ಡೀಸೆಲ್ ಯಂತ್ರವೂ ಅದರ ಕಾವಲೂ

ನಮ್ಮ ಅಡಿಗೆಮನೆಗಳಲ್ಲಿ ಬಳಕೆಯಾಗುವ ತಾಳೆಯೆಣ್ಣೆಯು ಬಹುಮಟ್ಟಿಗೆ ಇಂಡೋನೇಷಿಯಾ, ಮಲೇಷಿಯಾ ದೇಶಗಳಿಂದ ಹಡಗಿನಲ್ಲಿ ಬರುವುದು. ಪಣಂಬೂರಿನ ಕಡಲತೀರದಲ್ಲಿ ನಿಂತು ನವಮಂಗಳೂರು ಬಂದರಿಗೆ ಬರುವ ಹಡಗುಗಳನ್ನು ನೋಡುವವರಿಗೆ ಅವುಗಳ ಎತ್ತರವೂ ಹೊಗೆಕೊಳವೆಯೂ ಕಾಣುವುವೇ ಹೊರತು, ಒಡಲಿನಲ್ಲಿರುವ ಯಂತ್ರವಾಗಲಿ ಅದನ್ನು ಹಗಲಿರುಳು ನೋಡಿಕೊಳ್ಳುವ ಜನರಾಗಲಿ ಕಾಣುವುದಿಲ್ಲ. ಅವರ ಕೆಲಸವೆಂತಹುದೆಂಬುದನ್ನು ನಮ್ಮ ವಾಚಕರಿಗೆ ತಿಳಿಸಬೇಕೆಂಬುದು ಈ ಲೇಖನದ ಉದ್ದೇಶವು.

ಜರ್ಮನಿಯ ರುಡಾಲ್ಫ್ ಡೀಸೆಲನು ತನ್ನ ಯಂತ್ರವನ್ನು ೧೮೯೭ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ನಡೆಯಿಸಿ ತೋರಿಸಿದನು. ಅದರ ತತ್ತ್ವವು ಸರಳವಾದುದು. ಬೈಸಿಕಲ್ಲಿಗೆ ಗಾಳಿ ತುಂಬುವಾಗ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಅದುಮಿದಷ್ಟೂ ಅದಕ್ಕೆ ಕಾವೇರುವುದು. ಡೀಸೆಲ್ ಯಂತ್ರದ ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅದುಮಿ, ಆ ಕಾವಿನೊಳಕ್ಕೆ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿದರೆ, ಕಿಡಿಯ ಸಹಾಯವಿಲ್ಲದೆಯೇ ಅದು ಹೊತ್ತಿಕೊಂಡು ಪಿಸ್ಟನ್ನನ್ನು ನೂಕುವುದು. ೧೯೧೨ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಎಂಬ ಹಡಗು ಇಂತಹ ಎರಡು ಯಂತ್ರಗಳ ಬಲದಿಂದ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿಗೆ ಹೋಗಿ ಬಂದಿತು. ಒಲೆಗೆ ಕಲ್ಲಿದ್ದಲನ್ನು ಎತ್ತಿ ಎತ್ತಿ ಹಾಕುವವರಿಲ್ಲದೆಯೂ ಮಹಾಸಾಗರವನ್ನು ದಾಟಬಹುದೆಂಬುದು ಆಗ ಲೋಕಕ್ಕೆ ಮನದಟ್ಟಾಯಿತು.

ಆ ಯಂತ್ರಗಳ ಸಂತತಿಯು ಈಗ ದೈತ್ಯಾಕಾರವನ್ನು ತಾಳಿದೆ. ೨೦೦೬ರಲ್ಲಿ ಸಂಚಾರಕ್ಕೆ ಬಂದ 'ಎಮ್ಮಾ ಮೇರ್ಸ್ಕ್' ಎಂಬ ಹಡಗಿನ ಮುಖ್ಯ ಯಂತ್ರಕ್ಕೆ ೧೪ ಸಿಲಿಂಡರುಗಳು. ಒಂದೊಂದರ ಅಡ್ಡಳತೆ ೯೬ ಸೆಂಟಿಮೀಟರು. ಒಟ್ಟು ತೂಕ ಸುಮಾರು ೨,೩೦೦ ಟನ್ನು. ಇಷ್ಟಾದರೂ ಅದು ನಿಮಿಷಕ್ಕೆ ಸುಮಾರು ನೂರು ಸುತ್ತು ಮಾತ್ರ ತಿರುಗುವುದು.

ಇಂತಹ ಯಂತ್ರಗಳಲ್ಲಿ ಅನೇಕವು ಉರಿಸುವುದು ಕೊಳಕಾದ ಮಂದ ಎಣ್ಣೆಯನ್ನು. ತಣ್ಣಗಿದ್ದಾಗ ಅದು ಜೋನಿಬೆಲ್ಲದಂತೆ ಗಟ್ಟಿಯಾಗಿರುವುದು. ಆದುದರಿಂದ ಅದನ್ನು ಮೊದಲು ಕಾಯಿಸಿ, ವೇಗವಾಗಿ ತಿರುಗುವ ಪಾತ್ರೆಯಲ್ಲಿ ಹಾಯಿಸಿ, ಮೊಸರು ಕಡೆದು ಬೆಣ್ಣೆ ತೆಗೆಯುವಂತೆ, ನೀರನ್ನೂ ಮಡ್ಡಿಯನ್ನೂ ಬೇರ್ಪಡಿಸಬೇಕು. ಅನಂತರ ನೂರು ಡಿಗ್ರಿ ಸೆಲ್ಸಿಯಸ್ಸಿಗಿಂತಲೂ ಹೆಚ್ಚು ಕಾಯಿಸಿದರೇನೇ ಅದು ಸಣ್ಣ ತುಂತುರಾಗುವುದು. ಇಲ್ಲಿ ಉದಾಸೀನ ಮಾಡಿದರೆ ಸಿಲಿಂಡರಿನ ಗೋಡೆಯು ಸವೆದುಹೋಗುವುದು.

ಯಂತ್ರದ ಕಾವಲು ನಾಲ್ಕು ಗಂಟೆಯ ಪಾಳಿಗಳಲ್ಲಿ ನಡೆಯುವ ಪದ್ಧತಿಯು ಬಹುಕಾಲದ್ದು. ಪಾಳಿಯವನು ಪ್ರತಿಯೊಂದು ಸಿಲಿಂಡರಿನ ಹೊಗೆಯ ಉಷ್ಣತೆಯನ್ನೂ, ತಣಿಸುವ ನೀರನ್ನೂ, ಕೀಲೆಣ್ಣೆಯ ಒತ್ತಡವನ್ನೂ ನೋಡಿ ಬರೆದಿಡುವನು. ಪಂಪುಗಳ ಮೇಲೆ ಅಂಗೈಯಿಟ್ಟು ಕಾವನ್ನು ಅಳೆಯುವನು. ಸದ್ದಿನಲ್ಲಿ ಸ್ವಲ್ಪ ಭೇದವಾದರೂ ಕಿವಿಗೊಡುವನು. ಈಗ ಬಹಳ ಹಡಗುಗಳಲ್ಲಿ ರಾತ್ರಿಯ ವೇಳೆ ಯಂತ್ರಶಾಲೆಯಲ್ಲಿ ಯಾರೂ ಇರುವುದಿಲ್ಲ; ದೋಷ ಕಂಡರೆ ಇಂಜಿನಿಯರನ ಕೋಣೆಯಲ್ಲಿ ಗಂಟೆ ಬಾರಿಸುವುದು. ಆದರೂ ಅವನು ಮಲಗುವ ಮುನ್ನ ಒಂದು ಸುತ್ತು ಹೋಗಿ ಎಲ್ಲವನ್ನೂ ಕಣ್ಣಾರೆ ನೋಡದೆ ಇರುವುದಿಲ್ಲ.

ಇಷ್ಟು ಜಾಗರೂಕತೆ ಏತಕ್ಕೆಂದು ಕೆಲವರು ಕೇಳಬಹುದು. ೧೯೪೭ರ ಸೆಪ್ಟೆಂಬರ್ ೧೧ರಂದು ನಡೆದ ದುರಂತವೇ ಇದಕ್ಕೆ ಉತ್ತರ. 'ರೇನಾ ಡೆಲ್ ಪೆಸಿಫಿಕೋ' ಎಂಬ ಪ್ರಯಾಣಿಕರ ಹಡಗು, ಯುದ್ಧಕಾಲದ ಸೇವೆಯನ್ನು ಮುಗಿಸಿ ಬೆಲ್‌ಫಾಸ್ಟಿನಲ್ಲಿ ದುರಸ್ತಿಯಾಗಿ, ಪರೀಕ್ಷೆಗಾಗಿ ಸಮುದ್ರಕ್ಕೆ ಹೊರಟಿದ್ದಿತು. ಅದರ ನಾಲ್ಕು ಯಂತ್ರಗಳಲ್ಲೊಂದರ ಪಿಸ್ಟನ್ನು ಮಿತಿಮೀರಿ ಕಾದಿತು. ಮುಚ್ಚಿದ ಕ್ರ್ಯಾಂಕು ಪೆಟ್ಟಿಗೆಯೊಳಗೆ ಕೀಲೆಣ್ಣೆಯು ಆವಿಯಾಗಿ ಮಂಜಿನಂತೆ ತುಂಬಿ ಹೊತ್ತಿಕೊಂಡಿತು. ಸ್ಫೋಟವು ನಾಲ್ಕು ಯಂತ್ರಗಳಿಗೂ ಹಬ್ಬಿ, ೨೮ ಜನರು ಪ್ರಾಣ ಕಳೆದುಕೊಂಡರು.

ಇಂದು ದೊಡ್ಡ ಯಂತ್ರಗಳ ಕ್ರ್ಯಾಂಕು ಪೆಟ್ಟಿಗೆಗೆ, ಒತ್ತಡವನ್ನು ಹೊರಗೆ ಬಿಟ್ಟು, ಗಾಳಿಯು ಒಳನುಗ್ಗದಂತೆ ಒಡನೆಯೇ ಮುಚ್ಚಿಕೊಳ್ಳುವ ಕವಾಟಗಳಿರುತ್ತವೆ. ಎಣ್ಣೆಯ ಮಂಜು ಕಂಡೊಡನೆ ಎಚ್ಚರಿಸುವ ಉಪಕರಣವೂ ಇರುವುದು. ಗಂಟೆಯಾದೊಡನೆ ವೇಗವನ್ನು ತಗ್ಗಿಸಿ, ಹಡಗಿಗೆ ಅಪಾಯವಿಲ್ಲದಂತೆ ಯಂತ್ರವನ್ನು ನಿಲ್ಲಿಸಿ, ಅದರ ಪಕ್ಕದಿಂದ ಎಲ್ಲರೂ ಸರಿಯಬೇಕು. ಒಳಗೇನಾಯಿತೆಂದು ಬಾಗಿಲು ತೆರೆದು ನೋಡುವ ಆತುರವು ಮನುಷ್ಯಸಹಜವು. ಆದರೆ ಆ ಬಾಗಿಲಿನಿಂದ ನುಗ್ಗುವ ಹೊಸ ಗಾಳಿಯೇ ಸ್ಫೋಟಕ್ಕೆ ಕಾರಣವಾಗಬಹುದು. ಯಂತ್ರವು ಚೆನ್ನಾಗಿ ತಣಿಯುವವರೆಗೂ ಅದನ್ನು ಮುಟ್ಟಲಾಗದು. ಕಾಯುವುದೂ ಒಂದು ಕೆಲಸವೆಂಬುದನ್ನು ಇಂಜಿನಿಯರನು ಹೀಗೆ ಕಲಿಯುವನು.

ಹಡಗು ಬಂದರಿನಲ್ಲಿ ನಿಂತಾಗಲೂ ಅವನಿಗೆ ಪೂರ್ಣ ವಿಶ್ರಾಂತಿಯಿಲ್ಲ. ಆಗಲೇ ಪಿಸ್ಟನ್ನನ್ನು ಮೇಲಕ್ಕೆತ್ತಿ, ಮಸಿಯನ್ನು ಕೆರೆದು, ಅದರ ಬಳೆಗಳ ಸವೆತವನ್ನು ಅಳೆಯಬೇಕು. ಯಂತ್ರವು ತಾನಾಗಿ ತಿರುಗದಂತೆ ಭದ್ರಪಡಿಸಿ, ಅದರ ಹೊಟ್ಟೆಯೊಳಕ್ಕಿಳಿದು ಕೀಲುಗಳನ್ನು ಪರೀಕ್ಷಿಸಬೇಕು. ಹಡಗು ಸುಖವಾಗಿ ದಡ ಸೇರಿದರೆ ಈ ದುಡಿಮೆಯನ್ನು ಯಾರೂ ನೆನೆಯುವುದಿಲ್ಲ. ಇನ್ನೊಮ್ಮೆ ಕಡಲತೀರದಲ್ಲಿ ಹಡಗನ್ನು ಕಂಡಾಗ, ನಮ್ಮ ವಾಚಕರಾದರೂ ಅವರನ್ನು ಒಂದು ಗಳಿಗೆ ನೆನೆಯುವರೆಂದು ನಂಬಿದ್ದೇವೆ.