ಮೂವತ್ತು ವರ್ಷಗಳ ನಂತರ ಬರುವ ಕೆಮ್ಮು

ಕೆಟ್ಟ ಅನ್ನವನ್ನು ಉಂಡರೆ ಸಂಜೆಯೊಳಗೆ ಹೊಟ್ಟೆ ಅದನ್ನು ತಿಳಿಸುತ್ತದೆ. ಆದರೆ ಕೆಲವು ರೋಗಗಳು ದೇಹವನ್ನು ಹೊಕ್ಕು, ಒಂದು ತಲೆಮಾರಿನಷ್ಟು ಕಾಲ ಮೌನವಾಗಿದ್ದು, ಮನುಷ್ಯ ದುಡಿದು ದಣಿದು ವಿಶ್ರಾಂತಿಗೆ ಕುಳಿತಾಗ ತಲೆಯೆತ್ತುತ್ತವೆ. ಕಲ್ನಾರಿನ ಧೂಳಿನಿಂದ ಬರುವ ರೋಗಗಳು ಈ ಬಗೆಯವು. ಯುದ್ಧನೌಕೆಗಳಲ್ಲಿ ವಿದ್ಯುತ್ ಕೆಲಸ ಮಾಡಿದವರ ಬದುಕು ಇದಕ್ಕೊಂದು ನಿದರ್ಶನ.

ಕಲ್ನಾರು ಅಥವಾ ಆಸ್ಬೆಸ್ಟಾಸ್ ಎಂಬುದು ಭೂಮಿಯಿಂದ ಅಗೆದು ತೆಗೆಯುವ ಖನಿಜ. ಇದನ್ನು ಹತ್ತಿಯಂತೆ ಎಳೆಎಳೆಯಾಗಿ ಬಿಡಿಸಿ ನೇಯಬಹುದು. ಬೆಂಕಿಗೆ ಇದು ಉರಿಯದು. ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದರೆ ಓಡಿಹೋಗಲು ಎಡೆಯಿಲ್ಲ. ಕೋಣೆಯಿಂದ ಕೋಣೆಗೆ ಗೋಡೆಗಳನ್ನು ತೂರಿ ಸಾಗುವ ಕೇಬಲ್ಲುಗಳ ಹೊದಿಕೆ ಹತ್ತಿಕೊಂಡರಂತೂ ಬೆಂಕಿಯು ಅದೇ ದಾರಿಯಲ್ಲಿ ಹಬ್ಬುತ್ತದೆ. ಆದಕಾರಣ ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ನೌಕಾಪಡೆಯ ಹಡಗುಗಳಲ್ಲಿ ಹಲವು ಬಗೆಯ ಕೇಬಲ್ಲುಗಳ ತಂತಿಗೆ ಕಲ್ನಾರನ್ನು ಹೊದಿಸಿ, ಅದರ ಮೇಲೆ ಲೋಹದ ಹೆಣಿಗೆಯ ಕವಚವನ್ನು ತೊಡಿಸುತ್ತಿದ್ದರು.

ಕವಚದೊಳಗೆ ಭದ್ರವಾಗಿರುವ ನಾರು ಗಾಳಿಗೆ ಸೇರುವುದಿಲ್ಲ. ಕೇಬಲನ್ನು ಕತ್ತರಿಸಿ, ತುದಿಯನ್ನು ಚಾಕುವಿನಿಂದ ಸುಲಿದು ಜೋಡಿಸುವಾಗ ಅದು ಧೂಳಾಗಿ ಹಾರುತ್ತಿತ್ತು. ಶಾಖಕ್ಕೆ ಒಣಗಿದ ಹಳೆಯ ಕೇಬಲನ್ನು ಕಿತ್ತೆಳೆಯುವಾಗಲೂ ಹಾಗೆಯೇ. ಸಾಲದೆಂಬಂತೆ, ಅದೇ ಇಕ್ಕಟ್ಟಾದ ಎಂಜಿನ್ ಕೋಣೆಯಲ್ಲಿ ಬೇರೆಯವರು ಉಗಿಕೊಳವೆಗಳಿಗೆ ಕಲ್ನಾರನ್ನು ಸುತ್ತುತ್ತಿದ್ದರು ಅಥವಾ ಬಿಚ್ಚುತ್ತಿದ್ದರು. ಒಬ್ಬರ ಕೆಲಸದ ಧೂಳು ಎಲ್ಲರ ಉಸಿರನ್ನೂ ಸೇರುತ್ತಿತ್ತು.

ಕಲ್ನಾರಿನ ಹೊದಿಕೆ ಹಾಕುವ ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ನ್ಯೂಯಾರ್ಕಿನ ವೈದ್ಯ ಇರ್ವಿಂಗ್ ಸೆಲಿಕಾಫ್ ಮತ್ತು ಅವರ ಸಂಗಡಿಗರು 1964ರಲ್ಲಿ ಪ್ರಕಟಿಸಿದರು. ಈ ಅಪಾಯವು ಅಕ್ಕಪಕ್ಕದಲ್ಲಿ ದುಡಿಯುವ ಇತರ ಕಸುಬಿನವರಿಗೂ ಇದೆಯೆಂಬುದನ್ನು ಇಂಗ್ಲೆಂಡಿನ ಡೆವನ್‌ಪೋರ್ಟ್ ನೌಕಾ ಕಾರ್ಖಾನೆಯ ವೈದ್ಯ ಹ್ಯಾರಿಸ್ ಅವರ ಅಧ್ಯಯನಗಳು ತೋರಿಸಿಕೊಟ್ಟವು.

ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಈ ಎಳೆಗಳು ಶ್ವಾಸಕೋಶದ ಆಳಕ್ಕಿಳಿದರೆ ದೇಹವು ಅವುಗಳನ್ನು ಕರಗಿಸಲಾರದು. ಕ್ರಮೇಣ ಶ್ವಾಸಕೋಶವು ಗಾಯದ ಕಲೆಗಟ್ಟಿ ಬಿರುಸಾಗುವುದು ಆಸ್ಬೆಸ್ಟೋಸಿಸ್. ಶ್ವಾಸಕೋಶದ ಹೊರಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್ ಮೀಸೋಥೀಲಿಯೋಮ. ಇದು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷಗಳು ಬೇಕು. ಧೂಳು ಸೇವಿಸಿದವರು ಧೂಮಪಾನವನ್ನೂ ಮಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಭಯ ಹಲವು ಪಟ್ಟು ಹೆಚ್ಚುತ್ತದೆ. ಕೆಲಸದ ಬಟ್ಟೆಗೆ ಅಂಟಿದ ಧೂಳಿನಿಂದ ಆ ಬಟ್ಟೆ ಒಗೆದ ಮಡದಿಯರೂ ರೋಗಕ್ಕೆ ತುತ್ತಾದದ್ದುಂಟು.

ಹಡಗಿನ ಆಯುಸ್ಸು ಮುಗಿದರೂ ನಾರಿನ ಆಯುಸ್ಸು ಮುಗಿಯದು. ಗುಜರಾತಿನ ಅಲಂಗ್‌ನಲ್ಲಿ ಒಡೆಯಲೆಂದು ಹೊರಟಿದ್ದ ಫ್ರಾನ್ಸಿನ ಕ್ಲೆಮೆನ್ಸೊ ಯುದ್ಧನೌಕೆಯನ್ನು, ಅದರಲ್ಲಿದ್ದ ಕಲ್ನಾರಿನ ವಿವಾದದಿಂದಾಗಿ, 2006ರಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅದಕ್ಕೂ ಮೊದಲೇ, 1995ರಲ್ಲಿ, ನಮ್ಮ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಉದ್ದಿಮೆಗಳಿಗೆ ಮಹತ್ವದ ಆದೇಶವೊಂದನ್ನು ನೀಡಿತ್ತು. ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ನಂತರದ್ದೋ ಅಲ್ಲಿಯವರೆಗೆ, ಕಾಪಾಡಬೇಕೆಂಬುದೇ ಆ ಆದೇಶ. ನಿಧಾನವಾಗಿ ಬರುವ ರೋಗಕ್ಕೆ ನಿಡುಗಾಲದ ನೆನಪು ಬೇಕೆಂಬ ವಿವೇಕ ಅದರಲ್ಲಿದೆ.

ಓದುಗರಲ್ಲಿ ನಮ್ಮ ವಿನಂತಿಯೂ ಇದೇ. ನಿಮ್ಮ ಮನೆಯ ಹಿರಿಯರು ಹಡಗಿನಲ್ಲಿಯೋ, ಬಾಯ್ಲರುಗಳ ಬಳಿಯೋ, ಕಲ್ನಾರಿನ ಶೀಟು ತಯಾರಿಸುವ ಕಾರ್ಖಾನೆಯಲ್ಲಿಯೋ ದುಡಿದವರಾಗಿದ್ದು, ಬಿಡದ ಒಣಕೆಮ್ಮು, ಮೆಟ್ಟಿಲೇರುವಾಗ ಏದುಸಿರು ಅಥವಾ ಎದೆನೋವು ಕಂಡರೆ, ವಯಸ್ಸಿನ ದೋಷವೆಂದು ಸುಮ್ಮನಿರಬೇಡಿ. ವೈದ್ಯರು ಕೇಳದಿದ್ದರೂ ಹಳೆಯ ದುಡಿಮೆಯ ವಿವರವನ್ನು ನೀವಾಗಿಯೇ ಹೇಳಿರಿ. ಬೀಡಿ, ಸಿಗರೇಟುಗಳನ್ನು ಇಂದೇ ತ್ಯಜಿಸಿರಿ. ಮನೆಯ ಮೇಲಿನ ಕಲ್ನಾರಿನ ಶೀಟನ್ನು ಒಣದಾಗಿ ಕೊಯ್ಯುವುದು, ಉಜ್ಜುವುದು, ಒಡೆಯುವುದು ಬೇಡ. ಕಲೆಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ಧೂಳು ಒಳಹೋಗದಂತೆ ಕಾಯುವುದೊಂದೇ ನಿಜವಾದ ರಕ್ಷೆ.