ಮಗು ಕುಳ್ಳಾಗಿದೆಯೆಂಬ ಚಿಂತೆಯೇ?

ಹೊಳಲು ಮತ್ತು ಸುತ್ತಲಿನ ಗ್ರಾಮಗಳ ದಂಪತಿಗಳೇ, ಓರಗೆಯ ಮಕ್ಕಳ ಪಕ್ಕದಲ್ಲಿ ನಿಮ್ಮ ಮಗು ಗಿಡ್ಡವಾಗಿ ಕಂಡರೆ ಚಿಂತೆಯಾಗುವುದು ಸಹಜ. ಆದರೆ ಬರಿಯ ಕಣ್ಣಳತೆಯಿಂದ ನಿರ್ಣಯಕ್ಕೆ ಬರುವುದು ತರವಲ್ಲ.

ಕುಳ್ಳುತನವೆಂದರೇನು?

ಒಂದೇ ವಯಸ್ಸಿನ, ಚೆನ್ನಾಗಿ ಪೋಷಣೆ ಪಡೆದ ನೂರು ಗಂಡುಮಕ್ಕಳನ್ನು ಅಥವಾ ನೂರು ಹೆಣ್ಣುಮಕ್ಕಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿದರೆ, ಕೊನೆಯ ಎರಡು ಮೂರು ಮಕ್ಕಳಷ್ಟು ಎತ್ತರವಿರುವವರನ್ನು ವೈದ್ಯರು ಕುಳ್ಳರೆಂದು ಎಣಿಸುತ್ತಾರೆ. ಎತ್ತರಕ್ಕಿಂತಲೂ ಬೆಳೆವಣಿಗೆಯ ವೇಗ ಮುಖ್ಯ. ಮಗು ಮೊದಲ ವರ್ಷದಲ್ಲಿ ಸುಮಾರು 25 ಸೆಂ.ಮೀ., ನಾಲ್ಕು ವರ್ಷದ ನಂತರ ಪ್ರಾಯಕ್ಕೆ ಬರುವವರೆಗೆ ವರ್ಷಕ್ಕೆ 5ರಿಂದ 6 ಸೆಂ.ಮೀ. ಬೆಳೆಯುತ್ತದೆ. ಅದಕ್ಕಿಂತ ಕಡಮೆ ಬೆಳೆದರೆ ವೈದ್ಯರಿಗೆ ತೋರಿಸತಕ್ಕದ್ದು.

ಕಾರಣಗಳು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಹೊಂದಿಲ್ಲ. ಅರೆಪೋಷಣೆ ಮತ್ತು ಮೇಲಿಂದ ಮೇಲೆ ಬರುವ ಭೇದಿ ಇದಕ್ಕೆ ದೊಡ್ಡ ಕಾರಣಗಳು. ಥೈರಾಯ್ಡ್ ಕೊರತೆ, ಮೂತ್ರಪಿಂಡ ಅಥವಾ ಕರುಳಿನ ರೋಗ, ಬೆಳೆವಣಿಗೆಯ ಹಾರ್ಮೋನಿನ ಕೊರತೆಗಳೂ ಕಾರಣವಾಗಬಲ್ಲವು. ರಕ್ತ, ಮೂತ್ರ ಪರೀಕ್ಷೆ ಮತ್ತು ಎಡಗೈಯ ಎಕ್ಸರೇಯಿಂದ ವೈದ್ಯರು ಇವನ್ನು ಶೋಧಿಸುತ್ತಾರೆ. ಯಾವ ರೋಗವೂ ಕಾಣದಿದ್ದರೆ ಅದನ್ನು ಕಾರಣ ತಿಳಿಯದ ಕುಳ್ಳುತನ ಎನ್ನುತ್ತಾರೆ. ಇಂಥ ಅನೇಕ ಮಕ್ಕಳಿಗೆ ತಾಯಿತಂದೆಯರ ಎತ್ತರವೇ ಬಂದಿರುತ್ತದೆ. ಕೆಲವರು ತಡವಾಗಿ ಪ್ರಾಯಕ್ಕೆ ಬಂದು ಆಮೇಲೆ ಬೆಳೆಯುತ್ತಾರೆ.

ತಂದೆ 160, ತಾಯಿ 148 ಸೆಂ.ಮೀ. ಇದ್ದರೆ ಸರಾಸರಿ 154. ಮಗನಿಗೆ 6.5 ಕೂಡಿಸಿ, ಮಗಳಿಗೆ 6.5 ಕಳೆದರೆ ಬೆಳೆದ ಮೇಲಿನ ಎತ್ತರದ ಅಂದಾಜು ಸಿಗುತ್ತದೆ. ಎತ್ತರವು ಇಬ್ಬರಿಂದಲೂ ಬರುವುದರಿಂದ ತಾಯಿಯೊಬ್ಬಳನ್ನೇ ದೂರುವುದು ಅನ್ಯಾಯ.

ಚಿಕಿತ್ಸೆ

ಥೈರಾಯ್ಡ್ ಕೊರತೆಗೆ ದಿನವೂ ಮಾತ್ರೆ ಕೊಟ್ಟರೆ ಬೆಳೆವಣಿಗೆ ಮರಳುತ್ತದೆ, ತಡಮಾಡಬಾರದು. ಕಾರಣ ತಿಳಿಯದ ಕುಳ್ಳುತನದಲ್ಲಿ ಬಹುಪಾಲು ಮಕ್ಕಳಿಗೆ ಔಷಧ ಬೇಕಿಲ್ಲ. ಆರು ತಿಂಗಳಿಗೊಮ್ಮೆ ಅಳತೆ ಸಾಕು. ಹಾರ್ಮೋನ್ ಚುಚ್ಚುಮದ್ದನ್ನು ಹಲವು ವರ್ಷ ಕೊಡಬೇಕು. ವೆಚ್ಚ ಬಹಳ, ಲಾಭ ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರು. ತಜ್ಞರ ಸಲಹೆಯಿಲ್ಲದೆ ಅದು ಕೂಡದು. ಎತ್ತರ ಹೆಚ್ಚಿಸುವ ಟಾನಿಕ್ಕುಗಳಿಗೆ ಸಾಲ ಮಾಡಬೇಡಿ. ಆ ಹಣದಿಂದ ಜೋಳದ ರೊಟ್ಟಿಯ ಜೊತೆಗೆ ಬೇಳೆಕಾಳು, ಸೊಪ್ಪು, ಶೇಂಗಾ, ಹಾಲು, ಮೊಟ್ಟೆ ಉಣಿಸಿರಿ.

ಅಂಗನವಾಡಿಯಲ್ಲಿ ಮಗುವಿನ ಎತ್ತರ ಅಳೆಯಿಸಿ ಬರೆದಿಡಿರಿ. ಸಂಶಯವಿದ್ದರೆ ಹೂವಿನಹಡಗಲಿಯ ಸರ್ಕಾರಿ ಆಸ್ಪತ್ರೆಗೆ ಆ ಬರಹದೊಡನೆ ಹೋಗಿರಿ. ಮಗುವನ್ನು ಕುಳ್ಳನೆಂದು ಹಂಗಿಸದೆ, ವಯಸ್ಸಿಗೆ ತಕ್ಕಂತೆ ನಡೆಸಿಕೊಳ್ಳುವುದು ತಾಯಿತಂದೆಯರ ಕರ್ತವ್ಯ.